ಮಕ್ಕಳೊಡನೆ ಯಾತ್ರೆ: ದಾರಿಯ ಊಟದ ವಿಚಾರ

ಕ್ಷೇತ್ರದರ್ಶನಕ್ಕೆ ಹೊರಡುವ ಕುಟುಂಬಗಳು ಈಗ ಮೊದಲಿಗಿಂತ ಹೆಚ್ಚಾಗಿವೆ. ರಸ್ತೆಗಳು ಸುಧಾರಿಸಿವೆ, ವಾಹನಗಳು ಮನೆಮನೆಗೆ ಬಂದಿವೆ, ವಸತಿಗೃಹವನ್ನು ಕುಳಿತಲ್ಲಿಂದಲೇ ಗೊತ್ತುಪಡಿಸಿಕೊಳ್ಳುವ ಅನುಕೂಲವೂ ಒದಗಿದೆ. ಇಷ್ಟಾದರೂ ಮನೆಯಲ್ಲಿ ಐದಾರು ವರ್ಷದೊಳಗಿನ ಮಕ್ಕಳಿದ್ದರೆ, “ಇವು ದೊಡ್ಡವಾಗಲಿ, ಆಮೇಲೆ ನೋಡೋಣ” ಎಂದು ಯಾತ್ರೆಯನ್ನು ಮುಂದೂಡುವ ತಾಯಂದಿರನ್ನು ನಾವು ಪ್ರತಿವರ್ಷವೂ ಕಾಣುತ್ತೇವೆ. ಕಾರಣವನ್ನು ವಿಚಾರಿಸಿದರೆ ಅದು ದೂರವಲ್ಲ, ಖರ್ಚಲ್ಲ, ಬಿಸಿಲೂ ಅಲ್ಲ. ದಾರಿಯಲ್ಲಿ ಕೂಸಿಗೆ ಏನು ಉಣಿಸುವುದು, ಎಲ್ಲಿ ಕುಳ್ಳಿರಿಸಿ ಉಣಿಸುವುದು ಎಂಬುದೇ ಅವರ ಚಿಂತೆ. ಈ ಚಿಂತೆಯನ್ನು ಹಗುರವಾಗಿ ಕಾಣುವವರು ಸಾಮಾನ್ಯವಾಗಿ ಗಂಡಸರು. ಉಣಿಸುವ ಕೆಲಸ ಅವರದಲ್ಲವಷ್ಟೆ.

ಕಳೆದ ಚಳಿಗಾಲದಲ್ಲಿ ನಾವು ಆರು ಮಂದಿ ನಾಲ್ಕು ದಿನಗಳ ಒಂದು ಪ್ರವಾಸ ಕೈಕೊಂಡೆವು. ಹುಬ್ಬಳ್ಳಿಯಿಂದ ಬಾದಾಮಿ, ಬನಶಂಕರಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಕೊನೆಗೆ ವಿಜಯಪುರ. ನಮ್ಮ ಜೊತೆಗೆ ಮನೆಯವರು, ಬೆಂಗಳೂರಿನಲ್ಲಿ ನೆಲೆಸಿರುವ ಮಗ-ಸೊಸೆ, ಆರು ವರ್ಷದ ಮೊಮ್ಮಗಳು ಮತ್ತು ಎರಡು ತುಂಬಿದ ಮೊಮ್ಮಗ. ಈ ಕ್ಷೇತ್ರಗಳ ಶಿಲ್ಪ, ಶಾಸನ, ಇತಿಹಾಸಗಳ ಕುರಿತು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಮಂಗಳೇಶನ ಶಾಸನವಿದೆ ಎಂಬುದು, ಪಟ್ಟದಕಲ್ಲು 1987ರಲ್ಲಿ ವಿಶ್ವಪರಂಪರೆಯ ತಾಣವೆಂದು ಯುನೆಸ್ಕೊ ಪಟ್ಟಿಗೆ ಸೇರಿತೆಂಬುದು ಯಾವ ಕೈಪಿಡಿಯಲ್ಲಾದರೂ ಸಿಗುತ್ತದೆ. ಅದೇ ಕೈಪಿಡಿಯಲ್ಲಿ ಎರಡು ವರ್ಷದ ಮಗುವಿಗೆ ಖಾರವಿಲ್ಲದ ತುತ್ತು ಎಲ್ಲಿ ಸಿಗುತ್ತದೆಂಬುದು ಸಿಗುವುದಿಲ್ಲ. ಆದ್ದರಿಂದ ಈ ಬರಹ ಊಟದ ಸುತ್ತಲೇ ತಿರುಗುತ್ತದೆ. ಓದುಗ ಬಂಧುಗಳು ಅನ್ಯಥಾ ಭಾವಿಸಬಾರದು.

ಬುತ್ತಿಯ ಮಾತು ಮೊದಲು ಬರಬೇಕು. ಹಿಂದಿನವರು ಚಕ್ಕಡಿ ಹೂಡಿಕೊಂಡು ಜಾತ್ರೆಗೆ ಹೊರಟರೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮಾದಲಿ, ಬುತ್ತಿಯನ್ನಗಳ ಗಂಟು ಜೊತೆಗಿರಲೇಬೇಕು. ಅದು ಇಂದಿಗೂ ಒಳ್ಳೆಯ ಪದ್ಧತಿ. ಬಿಸಿ ಅನ್ನಕ್ಕೆ ಕಾಯಿಸಿದ ಹಾಲನ್ನು ಬೆರೆಸಿ, ಉಗುರುಬೆಚ್ಚಗಾದ ಮೇಲೆ ಒಂದು ಚಮಚ ಮೊಸರು ಹಾಕಿ ಕಟ್ಟಿಕೊಂಡರೆ, ಅದು ದಾರಿಯಲ್ಲಿ ತಾನೇ ಮೊಸರನ್ನವಾಗುತ್ತದೆ. ಹುಳಿ ಬರುವುದು ತಡ. ಆದರೆ ಬುತ್ತಿ ಮೊದಲ ದಿನದ ಮಧ್ಯಾಹ್ನಕ್ಕೆ ಮುಗಿಯುತ್ತದೆ, ಮುಗಿಯಲೂ ಬೇಕು. ಎರಡನೆಯ ದಿನದಿಂದ ಹೊರಗಿನ ಊಟ ತಪ್ಪಿದ್ದಲ್ಲ.

ಬೆಳಗಿನ ಹೊತ್ತು ಕಷ್ಟವಿಲ್ಲ. ಹುಬ್ಬಳ್ಳಿ ಬಿಟ್ಟು ನವಲಗುಂದ, ನರಗುಂದಗಳನ್ನು ಹಾಯ್ದು ಕುಳಗೇರಿ ಕ್ರಾಸಿನಲ್ಲಿ ಬಾದಾಮಿಯ ಕಡೆಗೆ ತಿರುಗುವ ಈ ದಾರಿಯಲ್ಲಿ ಊರೂರಿಗೂ ಸಣ್ಣ ಉಪಾಹಾರದ ಹೋಟೆಲುಗಳಿವೆ. ಇಡ್ಲಿ ಬೇಯುವ ಪಾತ್ರೆಯಿಂದ ಹಬೆ ಏಳುತ್ತಿದ್ದರೆ ಸಾಕು, ಮಗುವಿನ ಊಟ ಸಿದ್ಧವಾದಂತೆಯೇ. ಕಣ್ಣೆದುರಿಗೆ ಹಬೆಯಿಂದ ಇಳಿದ ಇಡ್ಲಿಗಿಂತ ನಿರಪಾಯವಾದ ಆಹಾರ ದಾರಿಯಲ್ಲಿ ಇನ್ನೊಂದು ಸಿಗುವುದು ಕಷ್ಟ. ಅದಕ್ಕೆ ಚಟ್ನಿಯೂ ಬೇಡ, ಸಾಂಬಾರೂ ಬೇಡ. ಮನೆಯಿಂದ ತಂದ ತುಪ್ಪ ಒಂದು ಚಮಚ ಸಾಕು. ಉಪ್ಪಿಟ್ಟು-ಶಿರಾ ಈ ಭಾಗದ ಜೋಡಿ. ಉಪ್ಪಿಟ್ಟಿನಲ್ಲಿ ಹಸಿಮೆಣಸಿನಕಾಯಿಯ ತುಣುಕು ಅಡಗಿರುತ್ತದೆ, ಶಿರಾ ಮಾತ್ರ ಮಕ್ಕಳಿಗೆ ಅಚ್ಚುಮೆಚ್ಚು. ಗಿರ್ಮಿಟ್ಟು, ಮಿರ್ಚಿ ಭಜಿಗಳು ದೊಡ್ಡವರ ಚಪಲಕ್ಕೆ ಇರಲಿ. ಅದೇ ಅಂಗಡಿಯವನಿಗೆ ಒಗ್ಗರಣೆ ಹಾಕದ ಬರಿಯ ಚುರುಮುರಿಯನ್ನು ಕೇಳಿದರೆ ಒಂದು ಪೊಟ್ಟಣ ಕಟ್ಟಿಕೊಡುತ್ತಾನೆ. ಅದು ಮಕ್ಕಳ ಕೈಗೆ ಅರ್ಧ ತಾಸಿನ ಕೆಲಸ.

ತೊಂದರೆ ಇರುವುದು ಮಧ್ಯಾಹ್ನಕ್ಕೆ. ದೊಡ್ಡವರ ಹಸಿವು ಗಡಿಯಾರವನ್ನು ಅನುಸರಿಸುತ್ತದೆ; ಹಸುಳೆಯ ಹಸಿವಿಗೆ ಗಡಿಯಾರವಿಲ್ಲ. ಅದು ಹನ್ನೊಂದಕ್ಕೇ ಬರಬಹುದು, ಬಂದಮೇಲೆ ಕಾಯುವ ಗುಣವೂ ಅದಕ್ಕಿಲ್ಲ. ಮೊದಲ ದಿನ ಮಗನ ಇಚ್ಛೆಯಂತೆ ಹೆದ್ದಾರಿಯ ಪಕ್ಕದ ಒಂದು ದೊಡ್ಡ ಹೋಟೆಲಿಗೆ ಹೋದೆವು. ಮಕ್ಕಳಿಗೆ ಜಾರುಬಂಡೆ, ಜೋಕಾಲಿ, ಎತ್ತರದ ಕುರ್ಚಿ ಎಲ್ಲ ಇದ್ದವು. ತಿನಿಸುಗಳ ಪಟ್ಟಿಯೇ ಒಂದು ಪುಸ್ತಕದಷ್ಟಿತ್ತು. ಹೇಳಿದ್ದು ಬರಲು ಮುಕ್ಕಾಲು ತಾಸು ಹಿಡಿಯಿತು. ಅಷ್ಟರಲ್ಲಿ ಮೊಮ್ಮಗ ಅತ್ತು, ಬಿಕ್ಕಿ, ತಾಯಿಯ ಹೆಗಲ ಮೇಲೆ ನಿದ್ದೆಹೋಗಿದ್ದ. ಖಾರ ಬೇಡವೆಂದು ಎರಡು ಸಲ ಹೇಳಿದ್ದ ಪದಾರ್ಥ ಕೆಂಪಗೆ ಬಂದಿತು. “ಅದು ಮೊದಲೇ ಮಾಡಿಟ್ಟ ಗ್ರೇವಿ, ಬದಲಾಯಿಸಲು ಬರುವುದಿಲ್ಲ” ಎಂದು ಬಡಿಸುವ ಹುಡುಗ ಸಂಕೋಚದಿಂದ ಹೇಳಿದ. ಆ ಹುಡುಗನ ತಪ್ಪೇನೂ ಇಲ್ಲ. ಅಡುಗೆಯವನಿಗೂ ಉಣ್ಣುವವನಿಗೂ ನಡುವೆ ನಾಲ್ಕು ಬಾಗಿಲುಗಳಿರುವ ಕಡೆ ಮಗುವಿನ ಮಾತು ಒಲೆಯವರೆಗೆ ಮುಟ್ಟುವುದಿಲ್ಲ. ಉಳಿದವರು ಉಂಡರು, ಸೊಸೆ ನಿದ್ರಿಸುವ ಮಗುವನ್ನು ಹೊತ್ತುಕೊಂಡು ಒಂದು ಕೈಯಿಂದ ತಣ್ಣಗಾದ ಅನ್ನವನ್ನು ಎರಡು ತುತ್ತು ತಿಂದು ಎದ್ದಳು.

ಆ ದಿನದಿಂದ ನಾವು ಊಟದ ಸ್ಥಳವನ್ನು ಅಳೆಯುವ ಅಳತೆಯನ್ನೇ ಬೇರೆ ಮಾಡಿಕೊಂಡೆವು. ಮಗು ಉಂಡಿತೇ ಎಂದು ಎಲ್ಲರೂ ಕೇಳುತ್ತಾರೆ. ಮಗುವಿಗೆ ಉಣಿಸಿದವಳು ಉಂಡಳೇ ಎಂದು ಕೇಳಬೇಕು. ಅವಳೂ ಕುಳಿತು, ಎರಡು ಕೈ ಬಿಡುವಾಗಿ ಉಣ್ಣಲು ಆಸ್ಪದವಿರುವ ಸ್ಥಳವೇ ಸಂಸಾರಸ್ಥರಿಗೆ ತಕ್ಕ ಸ್ಥಳ. ಈ ಅಳತೆಗೋಲನ್ನು ಹಿಡಿದು ನೋಡಿದಾಗ ಈ ನಾಡಿನ ಸಾದಾ ಖಾನಾವಳಿಗಳ ಬೆಲೆ ನಮಗೆ ತಿಳಿಯಿತು.

ಖಾನಾವಳಿ ಎಂಬ ಮಾತು ನಮ್ಮಲ್ಲಿಯೂ ಇದೆ, ಮರಾಠಿಯಲ್ಲಿಯೂ ಇದೆ. ಮುಂಬಯಿಯ ಗಿರಣಿ ಕೆಲಸಗಾರರಿಗೆ ಅನ್ನ ಹಾಕಿ ಬದುಕಿದ ಖಾನಾವಳಿಯ ಹೆಂಗಸರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಲವೆಂಬ ಸಂಘವನ್ನೇ ಕಟ್ಟಿಕೊಂಡರು. ಧಾರವಾಡ, ಹುಬ್ಬಳ್ಳಿ, ಬೆಳಗಾವಿಗಳಲ್ಲಿ ತಿಂಗಳ ಲೆಕ್ಕಕ್ಕೆ ಖಾನಾವಳಿಯಲ್ಲಿ ಉಂಡು ಓದಿದವರು ನಮ್ಮ ಓರಗೆಯಲ್ಲಿ ಎಷ್ಟೋ ಮಂದಿ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳು ಎರಡು ಒಲೆ ಹೂಡಿ, ರೊಟ್ಟಿ ಬಡಿದು, ಮಕ್ಕಳನ್ನು ಓದಿಸಿದ ಕಥೆ ಇಂಥ ಅನೇಕ ಖಾನಾವಳಿಗಳ ಹಿಂದೆ ಇರುತ್ತದೆ. ಹೊಸಬರಿಗೆ ಒಂದು ಮಾತು: ಉತ್ತರ ಕರ್ನಾಟಕದ ಊರುಗಳಲ್ಲಿ “ಲಿಂಗಾಯತ ಖಾನಾವಳಿ”, “ವೀರಶೈವ ಖಾನಾವಳಿ”, “ಬಸವೇಶ್ವರ ಖಾನಾವಳಿ” ಎಂದು ಫಲಕ ಇದ್ದರೆ ಅಲ್ಲಿ ಶಾಕಾಹಾರವೆಂದು ತಿಳಿಯಬೇಕು, “ಸಾವಜಿ” ಎಂದಿದ್ದರೆ ಮಾಂಸಾಹಾರ. ಫಲಕದ ಮೇಲಿನ ಹೆಸರು ಇಂದು ಅಡುಗೆಯ ಗುರುತಾಗಿ ಉಳಿದಿದೆಯೇ ಹೊರತು, ನಾವು ಉಂಡ ಕಡೆಗಳಲ್ಲಿ ಯಾರ ಕುಲವನ್ನೂ ಯಾರೂ ಕೇಳಲಿಲ್ಲ. ಹಾಗೆ ಕೇಳದಿರುವುದೇ ಆ ಹೆಸರಿಗೆ ತಕ್ಕ ನಡತೆ.

ಬಾದಾಮಿಯಲ್ಲಿ ಮೊದಲ ರಾತ್ರಿ ಹೊಕ್ಕ ಖಾನಾವಳಿ ಹತ್ತು ಹನ್ನೆರಡು ಮಂದಿ ಕೂರುವಷ್ಟು ಚಿಕ್ಕದು. ನಾಲ್ಕು ಮೇಜು, ಗೋಡೆಗೆ ಬಸವಣ್ಣನವರ ಪಟ, ಒಳಗೆ ತೆರೆದ ಬಾಗಿಲಿನಾಚೆ ಒಲೆ. ಯಾರು ಅಡುಗೆ ಮಾಡುತ್ತಿದ್ದಾರೆ, ನೀರು ಎಲ್ಲಿಂದ ತೆಗೆಯುತ್ತಾರೆ, ಕೈ ತೊಳೆಯುತ್ತಾರೋ ಇಲ್ಲವೋ ಎಲ್ಲವೂ ಕುಳಿತಲ್ಲಿಂದ ಕಾಣುತ್ತಿತ್ತು. ನಮ್ಮ ಮನೆಯವರು ನೆಟ್ಟಗೆ ಒಲೆಯ ಬಳಿಗೇ ಹೋಗಿ, “ಯಕ್ಕಾ, ಕೂಸಿಗೆ ಖಾರ ಇಲ್ಲದ್ದು ಏನಾರ ಐತೇನು?” ಎಂದು ಕೇಳಿದರು. “ಬ್ಯಾಳಿ ಕುದ್ದೈತ್ರಿ, ಖಾರ ಹಾಕೂಕಿಂತ ಮೊದಲ ಒಂದು ವಾಟಗಾ ತಗದು ಕೊಡತೀನಿ” ಎಂದರು ಆಕೆ. ಐದು ನಿಮಿಷದಲ್ಲಿ ಬೇಳೆ, ಬಿಸಿ ಅನ್ನ, ತುಪ್ಪ ಮಗುವಿನ ಮುಂದಿದ್ದವು. ಇಡೀ ವಿದ್ಯೆ ಇಷ್ಟೇ: ಖಾರ ಬೀಳುವ ಮೊದಲು ಕೇಳಬೇಕು. ಬಿದ್ದ ಮೇಲೆ ತೆಗೆಯಲು ಬರುವುದಿಲ್ಲ.

ಖಾನಾವಳಿಯ ತಾಟನ್ನು ಮಕ್ಕಳ ದೃಷ್ಟಿಯಿಂದ ನೋಡುವುದಾದರೆ ಹೀಗೆ. ಎಣ್ಣೆಗಾಯಿ ಬದನೆಕಾಯಿ ದೊಡ್ಡವರದು. ಮಡಕಿಕಾಳು, ಹೆಸರುಕಾಳುಗಳ ಪಲ್ಯ ಖಾರ ಕಡಿಮೆಯಿದ್ದರೆ ಆರು ವರ್ಷದವರಿಗೆ ನಡೆಯುತ್ತದೆ. ಜೊತೆಗೆ ಇಡುವ ಹಸಿ ತಪ್ಪಲು, ಮೂಲಂಗಿ, ಸೌತೆಕಾಯಿಗಳನ್ನು ಪರಸ್ಥಳದಲ್ಲಿ ಚಿಕ್ಕ ಮಕ್ಕಳಿಗೆ ಕೊಡದಿರುವುದು ಒಳ್ಳೆಯದು. ತೊಳೆದ ನೀರು ಯಾವುದೆಂದು ಹೇಳಲಾಗದು. ಗಟ್ಟಿ ಮೊಸರು ಕೊಡಬಹುದು, ನೀರು ಬೆರೆಸಿದ ಮಜ್ಜಿಗೆ ಬೇಡ. ಅಲ್ಲಿಯೂ ಪ್ರಶ್ನೆ ಮಜ್ಜಿಗೆಯದಲ್ಲ, ನೀರಿನದು. ರೊಟ್ಟಿಯ ವಿಷಯದಲ್ಲಿ ಬೆಂಗಳೂರಿನ ಮಕ್ಕಳಿಗೆ ಅಂಜಿಕೆ ಇರುತ್ತದೆ. ನಮ್ಮ ಮೊಮ್ಮಗಳು ಖಡಕ್ ರೊಟ್ಟಿಯನ್ನು ಹಿಡಿದು ನೋಡಿ, “ಅಜ್ಜಾ, ಇದು ಮುರೀತದಾ?” ಎಂದು ಕೇಳಿದಳು. ಹಂಚಿನಿಂದ ಇಳಿದ ಬಿಸಿ ರೊಟ್ಟಿಯನ್ನೇ ಕೇಳಬೇಕು. ಅದರ ಮೇಲಿನ ತೆಳು ಪದರನ್ನು ಸುಲಿದು ಹಾಲಿನಲ್ಲಿ ನೆನೆಸಿ ಬೆಲ್ಲ ಬೆರೆಸಿದರೆ ಹಲ್ಲು ಪೂರ್ತಿ ಬಾರದ ಕೂಸೂ ನುಂಗುತ್ತದೆ. ಬಿಳಿಜೋಳ ಹಗುರವಾದ ಧಾನ್ಯ, ಗೋದಿ ಒಗ್ಗದ ಮಕ್ಕಳಿಗೂ ಅಡ್ಡಿಯಿಲ್ಲ.

ಮಗುವಿನ ಬಾಯಿಗೆ ಖಾರ ತಾಗಿದರೆ ತಾಯಂದಿರು ಗಾಬರಿಯಿಂದ ನೀರು ಕುಡಿಸುತ್ತಾರೆ. ಮೆಣಸಿನಕಾಯಿಯ ಖಾರ ನೀರಿನಲ್ಲಿ ಕರಗುವುದಿಲ್ಲ. ನೀರು ಅದನ್ನು ಬಾಯಿತುಂಬ ಹರಡುತ್ತದೆ. ಹಾಲು, ಮೊಸರುಗಳಲ್ಲಿರುವ ಸಸಾರಜನಕವೂ ಕೊಬ್ಬೂ ಅದನ್ನು ಹಿಡಿದು ತೊಳೆಯುತ್ತವೆ. ಬ್ಯಾಡಗಿ ಮೆಣಸಿನಕಾಯಿಯ ನಾಡಿನಲ್ಲಿ ಊಟಕ್ಕೆ ಮೊಸರು ತಪ್ಪದಿರುವುದರಲ್ಲಿ ಅರ್ಥವಿದೆ.

ಖಾನಾವಳಿಗೆ ಒಂದು ಕೊರತೆಯುಂಟು. ಬಹುತೇಕ ಕಡೆ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಒಲೆಯ ಮುಂದೆ ಊಟ ಸಿದ್ಧವಾಗಿ ಮೂರರ ಹೊತ್ತಿಗೆ ಮುಗಿಯುತ್ತದೆ. ಮತ್ತೆ ರಾತ್ರಿ ಏಳೂವರೆಯ ಮೇಲೆಯೇ. ಹನ್ನೊಂದರ ಹಸಿವಿಗೂ ಸಂಜೆ ಆರರ ಹಸಿವಿಗೂ ಅಲ್ಲಿ ಉತ್ತರವಿಲ್ಲ. ಈ ಎರಡು ಹೊತ್ತಿಗೆ ಬಾಳೆಹಣ್ಣು ಇದೆ. ಸಿಪ್ಪೆಯೊಳಗೆ ಯಾರ ಕೈಯೂ ತಾಗದೆ ಬರುವ ಆಹಾರ ಅದೊಂದೇ. ಕತ್ತರಿಸಿಟ್ಟ ಪಪ್ಪಾಯಿ, ಕಲ್ಲಂಗಡಿಗಳನ್ನು ಮುಟ್ಟಲೇಬಾರದು.

ಬಾಳೆಹಣ್ಣಿನ ಮಾತು ಬಂದುದರಿಂದ ಬಾದಾಮಿಯ ಕೋತಿಗಳ ಬಗ್ಗೆಯೂ ಹೇಳಬೇಕು. ಗುಹೆಗಳ ಮೆಟ್ಟಿಲಿನ ಮೇಲೆ ಅವುಗಳದೇ ರಾಜ್ಯ. ಮಗುವಿನ ಕೈಯಲ್ಲಿರುವ ಬಿಸ್ಕತ್ತನ್ನು ಅವು ಬೇಡುವುದಿಲ್ಲ, ಕಿತ್ತುಕೊಳ್ಳುತ್ತವೆ. ಪರಚಿದರೆ ಆಸ್ಪತ್ರೆಯ ದಾರಿ. ಗುಹೆ ಹತ್ತುವ ಮೊದಲು ಮಕ್ಕಳಿಗೆ ಉಣಿಸಿಯೇ ಬಿಡಬೇಕು, ಕೈಯಲ್ಲಾಗಲಿ ಕಾಣುವ ಚೀಲದಲ್ಲಾಗಲಿ ತಿನಿಸು ಇರಬಾರದು. ನಮ್ಮ ಮುಂದೆಯೇ ಒಂದು ಕುಟುಂಬದ ಹುಡುಗಿಯ ಕೈಯಿಂದ ಪೊಟ್ಟಣ ಹಾರಿಹೋಯಿತು. ಆ ಹುಡುಗಿಗಿಂತ ಅವಳ ಅಪ್ಪನೇ ಹೆಚ್ಚು ಹೆದರಿದ.

ಬಾದಾಮಿಯಿಂದ ಐದು ಕಿಲೋಮೀಟರಿನಷ್ಟು ದೂರದಲ್ಲಿ ಬನಶಂಕರಿ. ಬನದ ಹುಣ್ಣಿಮೆಯ ಜಾತ್ರೆ, ನಾಟಕ ಕಂಪನಿಗಳು, ಹರಿದ್ರಾತೀರ್ಥದ ದೊಡ್ಡ ಹೊಂಡ ಎಲ್ಲರಿಗೂ ಗೊತ್ತು. ನಮಗೆ ಹೇಳಬೇಕಾದುದು ಗುಡಿಯ ಹೊರಗೆ ಬುಟ್ಟಿ ಇಟ್ಟುಕೊಂಡು ಕೂರುವ ರೊಟ್ಟಿಯ ಹೆಂಗಸರ ವಿಷಯ. ಸುತ್ತಲಿನ ಹಳ್ಳಿಗಳಿಂದ ಇಳಕಲ್ಲ ಸೀರೆಯುಟ್ಟು, ತಲೆಯ ಮೇಲೆ ಬುಟ್ಟಿ ಹೊತ್ತು ಬರುತ್ತಾರೆ. ಬುಟ್ಟಿಯಲ್ಲಿ ಬಟ್ಟೆ ಸುತ್ತಿದ ಜೋಳದ ರೊಟ್ಟಿ, ಕೆಂಪು ಚಟ್ನಿ, ಪುಂಡಿಪಲ್ಯ, ಮಣ್ಣಿನ ಕುಡಿಕೆಗಳಲ್ಲಿ ಕೆನೆಗಟ್ಟಿದ ಮೊಸರು. ಮೇಜಿಲ್ಲ, ಕುರ್ಚಿಯಿಲ್ಲ, ಪಟ್ಟಿಯಿಲ್ಲ. ಮರದ ನೆರಳಿನಲ್ಲಿ ಎಲ್ಲಿ ಕೂತರೆ ಅದೇ ಊಟದ ಮನೆ. ಹೊತ್ತು ಏರುವ ಮೊದಲು ಹೋದರೆ ನಸುಕಿನಲ್ಲಿ ಬಡಿದ ರೊಟ್ಟಿ ಇನ್ನೂ ಮೆತ್ತಗಿರುತ್ತದೆ, ಮಧ್ಯಾಹ್ನವಾದರೆ ಬಿರುಸಾಗುತ್ತದೆ.

ಎರಡನೆಯ ದಿನ ಹತ್ತೂವರೆಯ ಹೊತ್ತಿಗೆ ನಾವು ಅಲ್ಲಿ ಕುಳಿತೆವು. ಬುಟ್ಟಿಯ ಒಡತಿ ಅರವತ್ತು ದಾಟಿದವರು. ಎಲ್ಲರಿಗೂ ರೊಟ್ಟಿ ಹಾಕಿದರು, ಕುಡಿಕೆಯ ಮೊಸರನ್ನು ಮಗುವಿನ ಮುಂದಿಟ್ಟರು. ಸೊಸೆ ಎಂದಿನಂತೆ ತನ್ನ ರೊಟ್ಟಿಯನ್ನು ಪಕ್ಕಕ್ಕೆ ಸರಿಸಿ ಮಗುವಿಗೆ ಉಣಿಸಲು ತೊಡಗಿದಳು. ಆ ತಾಯಿ ಸ್ವಲ್ಪ ಹೊತ್ತು ನೋಡಿ, “ಕೂಸಿನ್ನ ಇತ್ತ ಕೊಡವ್ವಾ. ನೀ ಮೊದಲ ಉಣ್ಣು” ಎಂದರು. “ಬೇಡ ಅಜ್ಜೀ, ಅವನು ಅಪರಿಚಿತರ ಬಳಿ ಹೋಗೋದಿಲ್ಲ” ಎಂದಳು ಸೊಸೆ. “ನಾ ಆರು ಹಡದೀನಿ, ಹನ್ನೊಂದು ಮೊಮ್ಮಕ್ಕಳನ್ನ ಎತ್ತೀನಿ. ಹ್ಯಾಂಗ ಬರಂಗಿಲ್ಲ ನೋಡೂಣು” ಎಂದು ಆಕೆ ರೊಟ್ಟಿಯ ಪದರನ್ನು ಮೊಸರಿನಲ್ಲಿ ಕಿವುಚಿ, ಬೆರಳ ತುದಿಯಲ್ಲಿ ಹಿಡಿದು, ಮಗುವಿನ ಕಡೆಗೆ ನೋಡದೆ ಗುಡಿಯ ಮೇಲಿನ ಗಿಳಿಯನ್ನು ಕರೆಯತೊಡಗಿದರು. ಮೊಮ್ಮಗ ಗಿಳಿ ಎಲ್ಲೆಂದು ಬಾಯಿ ತೆರೆದ. ತುತ್ತು ಒಳಗೆ ಹೋಯಿತು. ಹೀಗೆ ಒಂದು ರೊಟ್ಟಿ ಮುಗಿಯಿತು. ಸೊಸೆ ಎರಡು ರೊಟ್ಟಿ, ಪುಂಡಿಪಲ್ಯ, ಇಡೀ ಕುಡಿಕೆ ಮೊಸರು ಉಂಡಳು. ಎರಡು ದಿನಗಳಲ್ಲಿ ಅವಳು ಯಾವ ಅವಸರವೂ ಇಲ್ಲದೆ ಕುಳಿತು ಉಂಡದ್ದು ಅದೇ ಮೊದಲು. ಉಂಡಾದ ಮೇಲೆ ಅವಳ ಮುಖದಲ್ಲಿ ಬಂದ ಗೆಲುವನ್ನು ನೋಡಿ ನಮ್ಮ ಮಗ ಏನೂ ಮಾತಾಡಲಿಲ್ಲ. ಮರುದಿನದಿಂದ ಮಧ್ಯಾಹ್ನದ ಊಟಕ್ಕೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡವನು ಅವನೇ.

ಹಣ ಕೊಡುವಾಗ ಅವನು ಚಿಲ್ಲರೆ ಹಿಂದಕ್ಕೆ ಬೇಡವೆಂದ. ಆಕೆ ಲೆಕ್ಕ ಹಾಕಿ ಉಳಿದುದನ್ನು ಮರಳಿ ಕೈಗಿಟ್ಟು, “ಕೂಸು ಉಂಡದ್ದಕ್ಕ ರೊಕ್ಕ ಇಲ್ರಿ” ಎಂದರು. ಅಂಥವರ ಬಳಿ ಒಂದು ರೊಟ್ಟಿಯ ಬೆಲೆಗೆ ಚೌಕಾಸಿ ಮಾಡುವ ಪ್ರವಾಸಿಗರನ್ನೂ ನಾವು ಅದೇ ಮರದಡಿಯಲ್ಲಿ ಕಂಡೆವು.

ಪಟ್ಟದಕಲ್ಲು, ಐಹೊಳೆಗಳಲ್ಲಿ ಊಟದ ಆಸೆ ಇಟ್ಟುಕೊಳ್ಳಬಾರದು. ಬಾದಾಮಿಯಿಂದ ಪಟ್ಟದಕಲ್ಲಿಗೆ ಇಪ್ಪತ್ತೆರಡು ಕಿಲೋಮೀಟರು. ಹೊರಗೆ ಎಳನೀರು, ಬಾಳೆಹಣ್ಣು, ಚಹದ ಅಂಗಡಿಗಳು, ಅಷ್ಟೆ. ಎಳನೀರು ಕಣ್ಣೆದುರಿಗೆ ಕೊಚ್ಚಿಸಿಕೊಂಡರೆ ಮಕ್ಕಳಿಗೆ ಅಮೃತ. ದಾರಿಯ ಹೊಲಗಳಲ್ಲಿ ಪುಷ್ಯದ ದಿನಗಳಾದರೆ ಸೀತೆನಿಯ ಕಾಲ: ಹಾಲುದುಂಬಿದ ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಡಿದು, ಬಿಸಿಯಾಗಿ ಕೈಗೆ ಕೊಡುತ್ತಾರೆ. ಮೊಮ್ಮಗಳು ಎರಡು ಬೊಗಸೆ ತಿಂದಳು. ಆ ಮೃದುವಾದ ಕಾಳನ್ನು ಹಲ್ಲು ಬಂದ ಮಕ್ಕಳಿಗೆ ಸ್ವಲ್ಪಸ್ವಲ್ಪವಾಗಿ ಕೊಡಬಹುದು.

ಅಮೀನಗಡದಲ್ಲಿ ಎಲ್ಲರೂ ಇಳಿದು ಕರದಂಟು ಕೊಳ್ಳುತ್ತಾರೆ. ಕೊಳ್ಳಲಿ, ಅಂಟು, ಒಣಹಣ್ಣು, ಬೆಲ್ಲ, ತುಪ್ಪ ಸೇರಿದ ಆ ಸಿಹಿಗೆ ಸಾಟಿಯಿಲ್ಲ. ಆದರೆ ನಾಲ್ಕೈದು ವರ್ಷದೊಳಗಿನ ಮಕ್ಕಳಿಗೆ ಇಡೀ ಬಾದಾಮಿ, ಗೋಡಂಬಿ, ಶೇಂಗಾಗಳು ಕೊರಳಿಗೆ ಸಿಕ್ಕಿಕೊಳ್ಳುವ ಅಪಾಯವುಂಟು. ಓಡುವ ವಾಹನದಲ್ಲಿ ಅಪಾಯ ಇಮ್ಮಡಿ. ಹುರಿದ ಶೇಂಗಾದ ಮಾತೂ ಅದೇ. ಶೇಂಗಾ ಬೆಳೆಯುವ ನಾಡಿನಲ್ಲಿ ಪ್ರೀತಿಯಿಂದ ಮಗುವಿನ ಬೊಗಸೆಗೆ ಹಾಕುವವರು ಬಹಳ. ನಯವಾಗಿ ಪುಡಿ ಮಾಡಿದ ಶೇಂಗಾ ಉಂಡೆಯ ಚಿಕ್ಕ ಚೂರುಗಳನ್ನು ಕೂರಿಸಿ ಕೊಡಿರಿ. ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸುವ ರೂಢಿಯನ್ನು ವೈದ್ಯರು ಸ್ಪಷ್ಟವಾಗಿ ಬೇಡವೆನ್ನುತ್ತಾರೆ. ಹಿರಿಯರು ಇದನ್ನು ಒಪ್ಪಿಕೊಳ್ಳಬೇಕು.

ಕೃಷ್ಣೆ-ಮಲಪ್ರಭೆಯರ ಸಂಗಮಕ್ಕೆ ಮೂರನೆಯ ದಿನ ಬಂದೆವು. ಹಿನ್ನೀರಿನ ನಡುವೆ ಕಟ್ಟಿದ ಐಕ್ಯಮಂಟಪದ ಮೆಟ್ಟಿಲುಗಳನ್ನು ಇಳಿದು ಹತ್ತುವ ವೇಳೆಗೆ ಮಕ್ಕಳು ದಣಿದಿದ್ದರು. ದಾಸೋಹದ ಪಂಕ್ತಿಯಲ್ಲಿ ಕುಳಿತೆವು. ಮಕ್ಕಳೊಡನೆ ದಾಸೋಹಕ್ಕೆ ಹೋಗಲು ಹಿಂಜರಿಯುವವರಿದ್ದಾರೆ: ಗದ್ದಲ, ನೂಕು, ಮಗು ಅತ್ತರೆ ಏನೆಂದುಕೊಳ್ಳುವರೋ ಎಂಬ ಸಂಕೋಚ. ನಮ್ಮ ಅನುಭವ ಬೇರೆ. ನೆಲದ ಮೇಲೆ ಕುಳಿತ ಮಗು ಬೀಳುವುದಿಲ್ಲ. ಎತ್ತರದ ಕುರ್ಚಿ ಬೇಕಿಲ್ಲ. ಕುಳಿತ ಕೆಲವೇ ನಿಮಿಷಗಳಲ್ಲಿ ಅನ್ನ ಬರುತ್ತದೆ. ಸಾವಿರಾರು ಜನರಿಗೆ ಹೊತ್ತೊತ್ತಿಗೆ ಬೇಯುವ ಅನ್ನ ಹಳಸಲು ಅವಕಾಶವೇ ಇಲ್ಲ. ಬೇಯಿಸಿದ ಆಹಾರ ಎರಡು ತಾಸಿಗಿಂತ ಹೆಚ್ಚು ಹೊತ್ತು ಹೊರಗೆ ತಣ್ಣಗೆ ಬಿದ್ದಿರಬಾರದೆಂದು ಆರೋಗ್ಯಶಾಸ್ತ್ರ ಹೇಳುವ ನಿಯಮ ಅಲ್ಲಿ ತಾನಾಗಿಯೇ ಪಾಲನೆಯಾಗುತ್ತದೆ. ಬಡಿಸುವವರಿಗೆ ಸಾರು ಬೇಡ, ಮೊದಲು ಬರಿಯ ಅನ್ನ ಎಂದು ಕೈ ಅಡ್ಡ ಹಿಡಿದರೆ ಸಾಕು.

ಮಠದ ಪ್ರಸಾದನಿಲಯದಲ್ಲಿ ಬೆಳೆದ ನಮಗೆ ಪಂಕ್ತಿಯ ಕ್ರಮ ನೆನಪಿನಲ್ಲಿದೆ. ಗಂಟೆ ಬಾರಿಸಿದರೆ ಎಂಟು ಹತ್ತು ವರ್ಷದ ಹುಡುಗರದು ಮೊದಲ ಪಂಕ್ತಿ. ದೊಡ್ಡ ವಿದ್ಯಾರ್ಥಿಗಳು ಅವರಿಗೆ ಬಡಿಸಿ ಆಮೇಲೆ ಕೂರುತ್ತಿದ್ದರು. ಒಂದು ಅಗುಳನ್ನೂ ಚೆಲ್ಲಬಾರದೆಂಬ ಕಟ್ಟುನಿಟ್ಟು ಇದ್ದೇ ಇತ್ತು. ಆದರೆ ನಮ್ಮ ಪಾಕಶಾಲೆಯ ಹಿರಿಯರು ಸಣ್ಣವರಿಗೆ ಬಡಿಸುವಾಗ ಸೌಟನ್ನು ಅರ್ಧಕ್ಕೇ ಎತ್ತುತ್ತಿದ್ದರು. ಬೇಕಾದರೆ ಮತ್ತೆ ಕೇಳುತ್ತವೆ ಎನ್ನುವರು. ಪ್ರಸಾದವನ್ನು ಬಿಡಬಾರದೆಂದು ಹಸಿವಿಲ್ಲದ ಮಗುವಿನ ಬಾಯಿಗೆ ತುರುಕುವುದು ನಮಗೆ ಸರಿಕಾಣದು. ಮಗುವಿಗೆ ಪ್ರಸಾದದ ಮೇಲೆ ಭಕ್ತಿ ಹುಟ್ಟುವ ಬದಲು ಅಂಜಿಕೆ ಹುಟ್ಟುತ್ತದೆ. ಎರಡು ಚಮಚ ಹಾಕಿಸಿರಿ, ಉಂಡರೆ ಇನ್ನೆರಡು.

ಎಷ್ಟೇ ಜಾಗ್ರತೆ ವಹಿಸಿದರೂ ಪರಸ್ಥಳದಲ್ಲಿ ಮಗುವಿನ ಹೊಟ್ಟೆ ಕೆಡಬಹುದು. ಔಷಧದ ಅಂಗಡಿಯಲ್ಲಿ ಸಿಗುವ ಓ.ಆರ್.ಎಸ್. ಪೊಟ್ಟಣಗಳನ್ನು ಹೊರಡುವಾಗಲೇ ಚೀಲಕ್ಕೆ ಹಾಕಿಕೊಳ್ಳಬೇಕು, ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಬೇಕು. ಪೊಟ್ಟಣವಿಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಸಪಾಟಾದ ಆರು ಚಹಾ ಚಮಚ ಸಕ್ಕರೆ, ಸಪಾಟಾದ ಅರ್ಧ ಚಮಚ ಉಪ್ಪು. ಇದಕ್ಕಿಂತ ಉಪ್ಪು ಹೆಚ್ಚಾಗಬಾರದು. ಗುಟುಕು ಗುಟುಕಾಗಿ ಕುಡಿಸುತ್ತ ಹೋಗಬೇಕು, ಎದೆಹಾಲು ಕುಡಿಯುವ ಮಗುವಿಗೆ ಅದನ್ನು ನಿಲ್ಲಿಸಬಾರದು. ಮಗು ಮಂಕಾದರೆ, ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ ಮುಂದಿನ ಕ್ಷೇತ್ರ ಕಾಯಲಿ, ಮೊದಲು ವೈದ್ಯರನ್ನು ಕಾಣಬೇಕು. ಕೈ ತೊಳೆಯಲು ಒಂದು ತುಂಡು ಸಾಬೂನು ಯಾವಾಗಲೂ ಜೊತೆಗಿರಲಿ. ತಾಯಂದಿರಿಗೆ ಶೌಚಾಲಯ ಬೇಕಾದಾಗ ಕೇಳಲು ಸಂಕೋಚ ಬೇಡ. ಪೆಟ್ರೋಲ್ ಬಂಕುಗಳು ಶೌಚಾಲಯವನ್ನೂ ಕುಡಿಯುವ ನೀರನ್ನೂ ಉಚಿತವಾಗಿ ಒದಗಿಸತಕ್ಕದ್ದೆಂಬ ನಿಯಮವಿದೆ. ಊಟದ ಸ್ಥಳ ಆಯುವಾಗ ಇದನ್ನೂ ಜೊತೆಗೆ ನೋಡಿಕೊಳ್ಳುವವನೇ ಸಂಸಾರವನ್ನು ಬಲ್ಲ ಯಜಮಾನ.

ವಿಜಯಪುರವನ್ನು ಮುಟ್ಟಿದ್ದು ಸಂಜೆಗೆ. ಮರುದಿನ ಗೋಲಗುಂಬಜಿನಲ್ಲಿ ಮೊಮ್ಮಗಳು ತನ್ನ ಹೆಸರನ್ನು ತಾನೇ ಕೂಗಿ ಮತ್ತೆ ಮತ್ತೆ ಕೇಳಿಸಿಕೊಂಡು ಸಂತೋಷಪಟ್ಟಳು. ಊಟಕ್ಕೆ ಈ ಸಲ ಯಾರೂ ದೊಡ್ಡ ಹೋಟೆಲಿನ ಹೆಸರೆತ್ತಲಿಲ್ಲ. ಬಸ್ ನಿಲ್ದಾಣದ ಕಡೆಯ ಓಣಿಯೊಂದರಲ್ಲಿ ತಾಯಿ-ಮಗಳು ನಡೆಸುವ ಖಾನಾವಳಿಯನ್ನು ಸೊಸೆಯೇ ಹುಡುಕಿದಳು. ಒಳಗೆ ಹೋಗಿ ಒಲೆ ನೋಡಿದಳು, ನೀರಿನ ಕೊಡ ನೋಡಿದಳು, ಖಾರ ಬೀಳುವ ಮೊದಲು ಬೇಳೆ ತೆಗೆಸಿದಳು. ಮೊದಲು ತನ್ನ ತಾಟನ್ನು ಹಾಕಿಸಿಕೊಂಡು ಕುಳಿತಳು. ಮಗು ಅಪ್ಪನ ತೊಡೆಯ ಮೇಲಿತ್ತು, ಅಂಗಿಯ ತುಂಬ ಅನ್ನ ಅಂಟಿಸಿಕೊಂಡು. ಹೊರಡುವಾಗ ಖಾನಾವಳಿಯ ತಾಯಿ ಒಂದು ಚೀಟಿಯಲ್ಲಿ ತಮ್ಮ ಫೋನಿನ ಸಂಖ್ಯೆಯನ್ನು ಬರೆದುಕೊಟ್ಟು, “ಮುಂದಿನ ಸಲ ಬರೂಮುಂದ ಒಂದು ತಾಸು ಮೊದಲ ಹೇಳ್ರಿ. ಕೂಸಿನ ಬ್ಯಾಳಿ ಬ್ಯಾರೆ ತಗದಿಡತೀವಿ” ಎಂದರು. ಸೊಸೆ ಆ ಚೀಟಿಯನ್ನು ಜೋಪಾನವಾಗಿ ಮಡಿಸಿ ತನ್ನ ಚೀಲದಲ್ಲಿಟ್ಟುಕೊಂಡಳು.